ಉಸಿರಿನ ಋಣ

ವಿದ್ವಾಂಸರನ್ನು ಸನ್ಮಾನಿಸುವ ಕ್ರಮ ಒಂದೊಂದು ನಾಡಿನಲ್ಲಿ ಒಂದೊಂದು ಬಗೆ. ನಮ್ಮಲ್ಲಿ ಶಾಲು, ಹಾರ, ಹಣ್ಣಿನ ತಟ್ಟೆ, ಬಿನ್ನವತ್ತಳೆ. ಅವುಗಳ ಬೆನ್ನಿಗೇ ಅಧ್ಯಕ್ಷರ ಭಾಷಣ, ಉದ್ಘಾಟಕರ ಭಾಷಣ, ಸ್ವಾಗತ ಸಮಿತಿಯವರ ಭಾಷಣ. ಸನ್ಮಾನಿತರು ಸಂಗೀತಗಾರರಾಗಿದ್ದ ಪಕ್ಷದಲ್ಲಿ, ಅವರ ಸಂಗೀತವೊಂದನ್ನುಳಿದು ಮಿಕ್ಕೆಲ್ಲವೂ ಆ ಸಂಜೆ ಸಭಿಕರ ಕಿವಿಗೆ ಬೀಳುವುದುಂಟು. ಶಾಲು ಬೇಡವೆಂದಾಗಲಿ ಭಾಷಣ ಬೇಡವೆಂದಾಗಲಿ ನಾವು ಹೇಳುತ್ತಿಲ್ಲ. ಸಂಗೀತಗಾರನನ್ನು ಸಂಗೀತದಿಂದಲೇ ಗೌರವಿಸುವ ದಾರಿಯೊಂದಿದೆ, ಅದು ಮಿಕ್ಕವುಗಳಿಗಿಂತ ಹಳೆಯದು, ಖರ್ಚೂ ಕಡಮೆ ಎಂಬುದನ್ನು ನೆನಪಿಸುವುದಷ್ಟೇ ಈ ವಾರದ ಉದ್ದೇಶ. ಅದಕ್ಕೆ ನಿದರ್ಶನವಾಗಿ ಅಮೆರಿಕದ ಬ್ಯಾಂಡುಗಳ ಚರಿತ್ರೆಯಿಂದ ಒಂದೆರಡು ಸಂಗತಿಗಳನ್ನು ಓದುಗರ ಮುಂದಿಡುತ್ತೇವೆ.

1892ನೆಯ ಇಸವಿ, ಸೆಪ್ಟೆಂಬರ್ 26ನೆಯ ತಾರೀಖು. ನ್ಯೂಜೆರ್ಸಿ ಸಂಸ್ಥಾನದ ಪ್ಲೇನ್‌ಫೀಲ್ಡ್ ಎಂಬ ಊರಿನ ಸ್ಟಿಲ್‌ಮನ್ ಸಂಗೀತ ಮಂದಿರದಲ್ಲಿ ಜಾನ್ ಫಿಲಿಪ್ ಸೂಸಾ ತಾನು ಹೊಸದಾಗಿ ಕಟ್ಟಿದ ಬ್ಯಾಂಡಿನ ಮೊದಲನೆಯ ಕಚೇರಿಯನ್ನು ನಡೆಸುವವನಿದ್ದನು. ಹನ್ನೆರಡು ವರ್ಷ ವಾಷಿಂಗ್ಟನ್ನಿನಲ್ಲಿ ಸರ್ಕಾರದ ಮೆರೀನ್ ಬ್ಯಾಂಡಿನ ನಾಯಕನಾಗಿದ್ದವನು ಆ ಭದ್ರವಾದ ಕೆಲಸವನ್ನು ಬಿಟ್ಟು ಸ್ವಂತ ಸಾಹಸಕ್ಕೆ ಇಳಿದಿದ್ದನು. ಆ ದಿನಗಳಲ್ಲಿ ಅಮೆರಿಕದಲ್ಲಿ ಬ್ಯಾಂಡೆಂದರೆ ಗಿಲ್ಮೋರನ ಬ್ಯಾಂಡು. ಅದನ್ನು ಮೀರಿಸಬೇಕೆಂಬುದೇ ಹೊಸ ಬ್ಯಾಂಡಿನವರ ಹಂಬಲ. ಗಿಲ್ಮೋರನಿಗೆ ಮೊದಲು ವ್ಯವಸ್ಥಾಪಕನಾಗಿದ್ದ ಡೇವಿಡ್ ಬ್ಲೇಕ್ಲಿಯೇ ಈಗ ಸೂಸಾನ ವ್ಯವಸ್ಥಾಪಕನೆಂದ ಮೇಲೆ ಪೈಪೋಟಿಯ ಕಾವು ಎಷ್ಟಿತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಚೇರಿಗೆ ಎರಡು ದಿನ ಮುಂಚೆ, ಸೇಂಟ್ ಲೂಯಿ ನಗರದ ಪ್ರದರ್ಶನದಲ್ಲಿ ನುಡಿಸಲು ಹೋಗಿದ್ದ ಪ್ಯಾಟ್ರಿಕ್ ಗಿಲ್ಮೋರ್ ಅಲ್ಲಿಯೇ ತೀರಿಕೊಂಡನು.

ಹೊಸದಾಗಿ ಅಂಗಡಿ ತೆರೆದವನಿಗೆ ಎದುರಂಗಡಿಯ ಸಾಹುಕಾರ ಹೋದನೆಂಬ ಸುದ್ದಿ ಬಂದರೆ ಹೊರಗೆ ವ್ಯಸನ, ಒಳಗೆ ಲೆಕ್ಕಾಚಾರ ನಡೆಯುವುದು ಲೋಕರೂಢಿ. ಸೂಸಾ ಮಾಡಿದ್ದೇ ಬೇರೆ. ಚೊಚ್ಚಲ ಕಚೇರಿಯ ಮೊದಲನೆಯ ಸ್ಥಾನವನ್ನು ಆತ ತನ್ನ ಕೃತಿಗೆ ಕೊಡಲಿಲ್ಲ. ಅಗಲಿದ ಆತ್ಮವೊಂದರ ದನಿ ಎಂಬರ್ಥದ ಹೆಸರುಳ್ಳ, ಗಿಲ್ಮೋರನೇ ರಚಿಸಿದ್ದ ಕೃತಿಯೊಂದಿತ್ತು. ಹೊಸ ಬ್ಯಾಂಡು ಸಾರ್ವಜನಿಕರ ಮುಂದೆ ಮೊಟ್ಟಮೊದಲು ನುಡಿಸಿದ್ದು ಅದನ್ನೇ. ಪ್ರತಿಸ್ಪರ್ಧಿಗೆ ಸಲ್ಲಿಸಿದ ಗೌರವದಿಂದಲೇ ಸೂಸಾನ ಬ್ಯಾಂಡಿನ ಬಾಳು ಆರಂಭವಾಯಿತು.

ಬ್ಯಾಂಡೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಮದುವೆಯ ದಿಬ್ಬಣದ ಮುಂದೆ ಕೆಂಪಂಗಿ ತೊಟ್ಟು ಸಾಗುವ ತಂಡ. ಮೈಸೂರಿನ ದಸರೆಯಲ್ಲಿ ಅರಮನೆಯ ಮುಂದೆ ಪೊಲೀಸ್ ಬ್ಯಾಂಡಿನವರು ಕುಳಿತು ನುಡಿಸುವುದನ್ನು ಕೇಳಿದವರಿಗೆ ಮಾತ್ರ ಅದರ ಇನ್ನೊಂದು ಮುಖದ ಪರಿಚಯವಿರುತ್ತದೆ. ಕಾನ್ಸರ್ಟ್ ಬ್ಯಾಂಡೆಂಬುದು ನಡೆಯುವ ಬ್ಯಾಂಡಲ್ಲ, ಕುಳಿತು ಕಚೇರಿ ಮಾಡುವ ಬ್ಯಾಂಡು. ಅದರಲ್ಲಿ ಪಿಟೀಲುಗಳಿಲ್ಲ, ಪಿಟೀಲಿನ ಕೆಲಸವನ್ನು ಕ್ಲಾರಿನೆಟ್ಟುಗಳ ಸಾಲು ವಹಿಸಿಕೊಳ್ಳುತ್ತದೆ. ಕೊಳಲು, ಸ್ಯಾಕ್ಸೊಫೋನ್, ಕೊಂಬು, ಟ್ರಂಬೋನ್, ಹೊಟ್ಟೆ ದೊಡ್ಡದಾದ ಟ್ಯೂಬಾ, ಇವುಗಳ ಹಿಂದೆ ಮದ್ದಳೆಯ ಬಳಗ. ಆ ಸಭೆಯಲ್ಲಿ ರಾಜನ ಸ್ಥಾನ ಬಹುಕಾಲ ಕಾರ್ನೆಟ್ಟಿಗೆ ಮೀಸಲಾಗಿತ್ತು. ಟ್ರಂಪೆಟ್ಟಿಗಿಂತ ಗಿಡ್ಡಗೆ ಕಾಣುವ, ಕೊಳವೆ ಕ್ರಮವಾಗಿ ಅಗಲವಾಗುತ್ತ ಹೋಗುವ, ಅದರಿಂದಾಗಿ ದನಿ ಮೆತ್ತಗಿರುವ ಹಿತ್ತಾಳೆಯ ವಾದ್ಯವದು. ಏಕವ್ಯಕ್ತಿ ವಾದನಕ್ಕೆ ಎದ್ದು ನಿಲ್ಲುತ್ತಿದ್ದವನು ಸಾಮಾನ್ಯವಾಗಿ ಕಾರ್ನೆಟ್ ವಾದಕ. ಜನ ಟಿಕೇಟು ಕೊಳ್ಳುತ್ತಿದ್ದುದು ಎಷ್ಟೋ ವೇಳೆ ಆತನಿಗಾಗಿಯೇ.

ಗಿಲ್ಮೋರನೂ ಮೂಲತಃ ಕಾರ್ನೆಟ್ ವಾದಕನೇ. 1829ರಲ್ಲಿ ಐರ್ಲೆಂಡಿನ ಗಾಲ್ವೇ ಸೀಮೆಯಲ್ಲಿ ಹುಟ್ಟಿ, ತಾರುಣ್ಯದಲ್ಲಿಯೇ ಅಮೆರಿಕಕ್ಕೆ ಬಂದವನು. 1856ರಲ್ಲಿ ಸೇಲಂ ಪಟ್ಟಣದಲ್ಲಿ ಆತನಿಗೂ ನೆಡ್ ಕೆಂಡಾಲ್ ಎಂಬ ಹಿರಿಯ ಕಹಳೆಗಾರನಿಗೂ ಜುಗಲ್‌ಬಂದಿಯೊಂದು ನಡೆದದ್ದು ಬ್ಯಾಂಡಿನವರ ವಲಯದಲ್ಲಿ ಪ್ರಸಿದ್ಧವಾಗಿದೆ. ಕೆಂಡಾಲನ ಕೈಯಲ್ಲಿದ್ದುದು ಬೀಗದೆಲೆಗಳ ಹಳೆಯ ಬ್ಯೂಗಲ್ಲು. ಗಿಲ್ಮೋರನ ಕೈಯಲ್ಲಿದ್ದುದು ಹೊಸ ಕಾರ್ನೆಟ್ಟು. ಗೆದ್ದವರು ಯಾರೆಂಬ ತಕರಾರು ಹಾಗಿರಲಿ. ಅನಂತರದ ಕೆಲವೇ ವರ್ಷಗಳಲ್ಲಿ ಹಳೆಯ ವಾದ್ಯ ಮೂಲೆಗೆ ಸೇರಿತು, ಹೊಸದು ಬ್ಯಾಂಡುಗಳನ್ನು ಆಳಿತು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಪ್ರಯೋಜನವಿದೆ. ಗಿಲ್ಮೋರ್ 1869ರಲ್ಲಿ ಬಾಸ್ಟನ್ನಿನ ಶಾಂತಿ ಮಹೋತ್ಸವಕ್ಕೆ ಸುಮಾರು ಸಾವಿರ ವಾದಕರನ್ನೂ ಹತ್ತು ಸಾವಿರ ಗಾಯಕರನ್ನೂ ಒಂದೇ ಸೂರಿನಡಿ ಕೂಡಿಸಿ, ನೂರು ಮಂದಿ ಅಗ್ನಿಶಾಮಕ ದಳದವರ ಕೈಗೆ ಸುತ್ತಿಗೆ ಕೊಟ್ಟು, ಕಮ್ಮಾರನ ಅಡಿಗಲ್ಲುಗಳ ಮೇಲೆ ತಾಳ ಹಾಕಿಸಿದ ಮಹಾನುಭಾವ. ಅಂಥವನು ಸೇಂಟ್ ಲೂಯಿಯಲ್ಲಿ ಕಣ್ಮುಚ್ಚಿದಾಗ ಅವನ ಬ್ಯಾಂಡಿನಲ್ಲಿ ಅದೇ ವರ್ಷ ಸೇರಿಕೊಂಡಿದ್ದ ಇಪ್ಪತ್ತೈದರ ತರುಣನೊಬ್ಬನಿದ್ದನು. ಅವನ ಹೆಸರು ಹರ್ಬರ್ಟ್ ಲಿಂಕನ್ ಕ್ಲಾರ್ಕ್.

ಕ್ಲಾರ್ಕ್ ಹುಟ್ಟಿದ್ದು 1867ರಲ್ಲಿ, ಮ್ಯಾಸಚೂಸೆಟ್ಸ್ ಸಂಸ್ಥಾನದ ವೋಬರ್ನಿನಲ್ಲಿ. ತಂದೆ ಚರ್ಚುಗಳಲ್ಲಿ ಆರ್ಗನ್ ನುಡಿಸುತ್ತಿದ್ದವರು; ಕೆಲಸವಿದ್ದ ಕಡೆಗೆ ಸಂಸಾರ ಸಾಗುತ್ತಿತ್ತು. ಕೆನಡಾದ ಟೊರಾಂಟೊ ನಗರದಲ್ಲಿದ್ದಾಗ ಹುಡುಗನಿಗೆ ಕಾರ್ನೆಟ್ಟಿನ ಹುಚ್ಚು ಹಿಡಿಯಿತು. ಅಣ್ಣನ ವಾದ್ಯವನ್ನು ಎತ್ತಿಕೊಂಡು ಊದುವುದು ಎಷ್ಟು ದಿನ ನಡೆದೀತು? ಆಗ ಅವನಿಗೆ ತೋಚಿದ ಉಪಾಯ ಸೊಗಸಾಗಿದೆ. ಅಲ್ಲಿನ ಕ್ವೀನ್ಸ್ ಓನ್ ರೈಫಲ್ಸ್ ಪಡೆಯ ಬ್ಯಾಂಡಿಗೆ ಸೇರಿದವರಿಗೆ ಸರ್ಕಾರದ ಖರ್ಚಿನಲ್ಲಿ ವಾದ್ಯ ಸಿಗುತ್ತಿತ್ತು. ಹದಿನಾಲ್ಕು ವರ್ಷದ ಹುಡುಗ ಪಡೆಯ ಬ್ಯಾಂಡಿಗೆ ಸೇರಿಯೇಬಿಟ್ಟನು. ಬಂದೂಕು ಹಿಡಿಯುವ ಆಸೆಯಿಂದ ದಂಡಿಗೆ ಸೇರಿದವರುಂಟು, ಅನ್ನದ ಆಸೆಯಿಂದ ಸೇರಿದವರೂ ಉಂಟು. ಕಾರ್ನೆಟ್ಟಿನ ಆಸೆಯಿಂದ ಸೇರಿದವರು ವಿರಳ.

ಗಿಲ್ಮೋರನ ಕಾಲಾನಂತರ, 1893ರಲ್ಲಿ, ಕ್ಲಾರ್ಕ್ ಸೂಸಾನ ಬ್ಯಾಂಡಿಗೆ ಬಂದನು. ನಡುನಡುವೆ ಬಿಟ್ಟುಹೋಗಿ ಮರಳಿ ಬಂದದ್ದುಂಟು. ಆದರೂ 1917ರವರೆಗೆ ಸೂಸಾನ ಬ್ಯಾಂಡೆಂದರೆ ಕ್ಲಾರ್ಕನ ಕಾರ್ನೆಟ್ಟೆಂದೇ ಜನ ತಿಳಿದಿದ್ದರು. ಸಹಾಯಕ ನಾಯಕನ ಹೊಣೆಯೂ ಅವನದಾಗಿತ್ತು. ಯಂತ್ರದಲ್ಲಿ ತುಂಬಿದ ಸಂಗೀತವೆಂದರೆ ಸೂಸಾನಿಗೆ ಆಗುತ್ತಿರಲಿಲ್ಲ. ಅದರಿಂದ ಗ್ರಾಮೊಫೋನ್ ಕಂಪೆನಿಯವರ ಮುಂದೆ ಬ್ಯಾಂಡನ್ನು ನಡೆಸುವ ಕೆಲಸ ಅನೇಕ ಬಾರಿ ಕ್ಲಾರ್ಕನಂಥವರ ಪಾಲಿಗೆ ಬರುತ್ತಿತ್ತು. 1910ರ ಡಿಸೆಂಬರಿನಿಂದ 1911ರ ಡಿಸೆಂಬರಿನವರೆಗೆ ಬ್ಯಾಂಡು ಭೂಪ್ರದಕ್ಷಿಣೆ ಮಾಡಿತು: ಬ್ರಿಟನ್ನು, ದಕ್ಷಿಣ ಆಫ್ರಿಕ, ಆಸ್ಟ್ರೇಲಿಯ, ನ್ಯೂಜಿಲೆಂಡು, ಫಿಜಿ, ಹವಾಯಿ, ಕೆನಡಾ. ದಕ್ಷಿಣದ ಆಗಸದ ನಕ್ಷತ್ರಪುಂಜವೊಂದರ ಹೆಸರಿನಲ್ಲಿ 'ಸದರ್ನ್ ಕ್ರಾಸ್' ಎಂಬ ಕಾರ್ನೆಟ್ ಕೃತಿಯನ್ನು ಅವನು ರಚಿಸಿದ್ದು ಆ ಯಾತ್ರೆಯ ಫಲವೇ. ಆ ಕಾಲದ ಧ್ವನಿಮುದ್ರಿಕೆಗಳು ಈಗಲೂ ಕೇಳಲು ಸಿಗುತ್ತವೆ. ಗರಗರ ಸದ್ದಿನ ಮರೆಯಿಂದಲೂ 'ಕಾರ್ನಿವಲ್ ಆಫ್ ವೆನಿಸ್' ಹಾಡಿನ ಮೇಲೆ ಆತ ನುಡಿಸುವ ಜಾರುಬಂಡೆಯಂಥ ಸ್ವರಸರಣಿ ಕೇಳುವವರನ್ನು ಬೆರಗುಗೊಳಿಸುತ್ತದೆ.

ಕ್ಲಾರ್ಕನ ಹಿರಿಮೆ ತಿಳಿಯಬೇಕಾದರೆ ಆ ವಾದ್ಯದ ಕಷ್ಟ ತಿಳಿದಿರಬೇಕು. ವೀಣೆಯ ತಂತಿ ಸವೆದರೆ ಹೊಸ ತಂತಿ ಕಟ್ಟಬಹುದು. ಮೃದಂಗದ ಮುಚ್ಚಿಗೆ ಹರಿದರೆ ಬೇರೆ ಹಾಕಿಸಬಹುದು. ನಾಗಸ್ವರದ ಪೀಪಿ ಕೆಟ್ಟರೆ ಪೆಟ್ಟಿಗೆಯಲ್ಲಿ ಇನ್ನೊಂದಿರುತ್ತದೆ. ಹಿತ್ತಾಳೆಯ ವಾದ್ಯದಲ್ಲಿ ಕಂಪಿಸುವುದು ವಾದಕನ ತುಟಿ. ತಂತಿಯೂ ಅದೇ, ಪೀಪಿಯೂ ಅದೇ. ಬರಿಯ ಕೊಳವೆಯೊಂದನ್ನು ಊದಿದರೆ ಷಡ್ಜ, ಪಂಚಮ, ಗಾಂಧಾರ ಮೊದಲಾದ ಕೆಲವೇ ಸ್ವರಗಳು ದೊರೆಯುತ್ತವೆ. ಜರ್ಮನಿಯ ಸ್ಟೋಲ್ಜೆಲ್, ಬ್ಲೂಮೆಲ್ ಎಂಬಿಬ್ಬರು 1818ರಲ್ಲಿ ಹಕ್ಕುಪತ್ರ ಪಡೆದ ಕವಾಟಗಳಿಂದಾಗಿ ಉಳಿದ ಸ್ವರಗಳಿಗೆ ದಾರಿಯಾಯಿತು. ಮೂರು ಗುಂಡಿಗಳಲ್ಲಿ ನಡುವಿನದನ್ನು ಒತ್ತಿದರೆ ಸ್ವರ ಅರ್ಧ ಮೆಟ್ಟಿಲು ಇಳಿಯುತ್ತದೆ, ಮೊದಲನೆಯದರಿಂದ ಒಂದು ಮೆಟ್ಟಿಲು, ಮೂರನೆಯದರಿಂದ ಒಂದೂವರೆ. ಆದರೆ ಬೆರಳು ಒತ್ತಿದ ಮಾತ್ರಕ್ಕೆ ಸ್ವರ ಹೊರಡುವುದಿಲ್ಲ. ತುಟಿಯ ಬಿಗಿತವೂ ಉಸಿರಿನ ವೇಗವೂ ಪ್ರತಿಯೊಂದು ಸ್ವರಕ್ಕೂ ಸರಿಯಾಗಿ ಹೊಂದಬೇಕು. ಎರಡು ದಿನ ಅಭ್ಯಾಸ ತಪ್ಪಿದರೆ ತುಟಿ ಹೇಳಿದಂತೆ ಕೇಳದು. ಹಲ್ಲು ಅಲುಗಿದರೆ ಜೀವನೋಪಾಯವೇ ಅಲುಗಿತು. ವಯಸ್ಸಾದಂತೆ ಪಿಟೀಲಿನವನ ರಸಿಕತೆ ಮಾಗಬಹುದು. ಕಾರ್ನೆಟ್ಟಿನವನ ರಸಿಕತೆಯೂ ಮಾಗುತ್ತದೆ, ಆದರೆ ತುಟಿ ಅದಕ್ಕಾಗಿ ಕಾಯುವುದಿಲ್ಲ.

ಇದು ಕ್ಲಾರ್ಕನಿಗೆ ಚೆನ್ನಾಗಿ ತಿಳಿದಿತ್ತು. 1917ರಲ್ಲಿ, ಐವತ್ತು ತುಂಬಿದ ವರ್ಷ, ಕೀರ್ತಿ ಶಿಖರದಲ್ಲಿದ್ದಾಗಲೇ ಆತ ಸೂಸಾನ ಬ್ಯಾಂಡಿನಿಂದ ನಿವೃತ್ತನಾದನು. ಚಪ್ಪಾಳೆ ಮುಗಿಯುವ ಮೊದಲೇ ವೇದಿಕೆಯಿಂದ ಇಳಿಯುವುದು ಎಷ್ಟು ಕಷ್ಟವೆಂಬುದನ್ನು ನಮ್ಮ ರಾಜಕಾರಣಿಗಳನ್ನೂ ಸಿನಿಮಾ ನಾಯಕರನ್ನೂ ನೋಡಿದವರಿಗೆ ವಿವರಿಸಬೇಕಾಗಿಲ್ಲ.

ಇಳಿದವನು ಎಲ್ಲಿಗೆ ಹೋದನು? ಕೆನಡಾದ ಹಂಟ್ಸ್‌ವಿಲ್ ಎಂಬ ಸಣ್ಣ ಊರಿಗೆ. ಅಲ್ಲೊಂದು ತೊಗಲು ಹದ ಮಾಡುವ ಕಾರ್ಖಾನೆ. ಅದರ ಯಜಮಾನ ಷಾ ಎಂಬಾತ ತಾನೇ ಕಾರ್ನೆಟ್ ಊದುವ ಹವ್ಯಾಸಿ. ಇಟಲಿಯಿಂದ ಬಂದ ಅವನ ಕೆಲಸಗಾರರಲ್ಲಿ ವಾದ್ಯ ಬಲ್ಲವರಿದ್ದರು. ಅವರಿಂದ ಮೊದಲಾದ ಬ್ಯಾಂಡನ್ನು ಕ್ಲಾರ್ಕ್ 1918ರಿಂದ 1923ರವರೆಗೆ ನಡೆಸಿದನು. ಚಕ್ರವರ್ತಿಗಳ ಮುಂದೆ ನುಡಿಸಿದವನು ತೊಗಲಿನ ವಾಸನೆಯ ನಡುವೆ ಸ್ವರ ತಿದ್ದುತ್ತ ಕುಳಿತನೆಂದು ಮರುಗುವವರು ಮರುಗಲಿ. ಅವನು ಮರುಗಿದಂತೆ ಕಾಣುವುದಿಲ್ಲ. ಅಲ್ಲಿಂದ ಕ್ಯಾಲಿಫೋರ್ನಿಯದ ಲಾಂಗ್ ಬೀಚ್ ಪುರಸಭೆಯ ಬ್ಯಾಂಡಿಗೆ ನಾಯಕನಾಗಿ ಹೋಗಿ, 1943ರವರೆಗೆ, ಪೂರ್ತಿ ಇಪ್ಪತ್ತು ವರ್ಷ, ಊರಿನ ಜನಕ್ಕೆ ಸಂಗೀತ ಉಣಿಸಿದನು. ಊರಿಗೆ ನೀರು, ದೀಪ, ಚರಂಡಿ ಒದಗಿಸುವ ಪುರಸಭೆಯೇ ಬ್ಯಾಂಡನ್ನೂ ಒದಗಿಸುವುದು ನಮಗೆ ವಿಚಿತ್ರವೆನಿಸಬಹುದು. 1909ರಲ್ಲಿ ಹುಟ್ಟಿದ ಆ ಬ್ಯಾಂಡು ಲಾಂಗ್ ಬೀಚಿನವರಿಗೆ ಊರಿನ ಹೆಮ್ಮೆಗಳಲ್ಲೊಂದು.

ಆದರೆ ಕ್ಲಾರ್ಕನ ನಿಜವಾದ ಆಸ್ತಿ ಬೇರೆ. ಪ್ಯಾರಿಸ್ಸಿನ ಆರ್ಬಾನ್ ಮಹಾಶಯ 1864ರಲ್ಲಿ ಬರೆದ ಪಾಠಪುಸ್ತಕ ಆಗಲೇ ಕಾರ್ನೆಟ್ಟಿನವರ ವೇದವಾಗಿತ್ತು. ಅದರ ಪಕ್ಕದಲ್ಲಿ ಕುಳಿತುಕೊಳ್ಳುವ ಯೋಗ್ಯತೆಯನ್ನು ಗಳಿಸಿದ್ದು ಕ್ಲಾರ್ಕ್ 1912ರಲ್ಲಿ ಪ್ರಕಟಿಸಿದ 'ಟೆಕ್ನಿಕಲ್ ಸ್ಟಡೀಸ್' ಎಂಬ ತೆಳುವಾದ ಪುಸ್ತಕ. ಅದರ ಮೊದಲನೆಯ ಪಾಠದಲ್ಲಿ ರಾಗವೂ ಇಲ್ಲ, ರಂಜನೆಯೂ ಇಲ್ಲ. ಅಕ್ಕಪಕ್ಕದ ಕೆಲವು ಸ್ವರಗಳು ಮೇಲಕ್ಕೇರಿ ಕೆಳಕ್ಕಿಳಿಯುತ್ತವೆ, ಅಷ್ಟೆ. ನಮ್ಮ ಸರಳೆ ವರಸೆಯೇ ಎನ್ನಿ. ವಿಶೇಷವಿರುವುದು ಗುರುವಿನ ಅಪ್ಪಣೆಯಲ್ಲಿ: ಮೆಲ್ಲಗೆ ನುಡಿಸಬೇಕು, ಒಂದೊಂದನ್ನೂ ಒಂದೇ ಉಸಿರಿನಲ್ಲಿ ಎಂಟರಿಂದ ಹದಿನಾರು ಸಲ ನುಡಿಸಬೇಕು. ಜೋರಾಗಿ ಊದಲು ಕೋಣನ ಶಕ್ತಿ ಸಾಕು. ಮೆಲ್ಲಗೆ, ಉದ್ದವಾಗಿ, ಸ್ವರ ಕದಡದಂತೆ ಊದಲು ಉಸಿರಿನ ಮೇಲೆ ಒಡೆತನ ಬೇಕು. ತುಟಿಯ ಆಯುಷ್ಯ ಸೀಮಿತವೆಂದು ಬಲ್ಲವನು ಅದನ್ನು ಉಳಿಸುವ ಲೆಕ್ಕಾಚಾರವನ್ನು ಉಸಿರಿನಲ್ಲಿ ಕಂಡುಕೊಂಡನು.

ಇಷ್ಟು ಹೇಳಿ ನಿಲ್ಲಿಸಿದರೆ ಇದು ಬಿನ್ನವತ್ತಳೆಯಾದೀತು. ಹಿರಿಯರ ವಿಷಯದಲ್ಲಿ ಪೂರ್ತಿ ಹೇಳುವುದೇ ಗೌರವ. ಅದರಿಂದ ಕ್ಲಾರ್ಕನ ಒಂದು ಕಾಗದದ ವಿಚಾರವನ್ನು ಹೇಳಲೇಬೇಕು. 1921ರ ಜನವರಿಯಲ್ಲಿ ಎಲ್ಡನ್ ಬೆಂಜ್ ಎಂಬ ಹುಡುಗ, ಕಾರ್ನೆಟ್ ಬಿಟ್ಟು ಟ್ರಂಪೆಟ್ ಹಿಡಿಯಲೇ ಎಂದು ಕ್ಲಾರ್ಕನ ಅಭಿಪ್ರಾಯ ಕೇಳಿದ್ದನು. ಹಂಟ್ಸ್‌ವಿಲ್ಲಿನಿಂದ ಬಂದ ಉತ್ತರ ಖಾರವಾಗಿತ್ತು. ಟ್ರಂಪೆಟ್ಟು ಪರದೇಶದಿಂದ ಬಂದ ತಾತ್ಕಾಲಿಕ ಖಯಾಲಿ. ದೊಡ್ಡ ವಾದ್ಯವೃಂದಗಳಲ್ಲಿ ಅಬ್ಬರಕ್ಕೆ ಬೇಕಾದರೆ ಆದೀತು, ಏಕವ್ಯಕ್ತಿ ವಾದನಕ್ಕೆ ಸಲ್ಲದು ಎಂದು ಕ್ಲಾರ್ಕ್ ಬರೆದನು. ಜ್ಯಾಸ್ ಸಂಗೀತವನ್ನಂತೂ ಸೈತಾನನ ಸಮೀಪಕ್ಕೆ ಕೊಂಡೊಯ್ದು ನಿಲ್ಲಿಸಿದನು.

ಕಾಲ ಕೊಟ್ಟ ತೀರ್ಪು ಎಲ್ಲರಿಗೂ ತಿಳಿದದ್ದೇ. ಆ ದಶಕದ ನಡುವಿನಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ತಾನೇ ಕಾರ್ನೆಟ್ ಬಿಟ್ಟು ಟ್ರಂಪೆಟ್ ಹಿಡಿದನು. ಜಗತ್ತು ಅವನ ಹಿಂದೆ ಹೋಯಿತು. ಬುದ್ಧಿವಾದ ಕೇಳಿದ ಹುಡುಗನೂ ಅದರಂತೆ ನಡೆಯಲಿಲ್ಲ. ಎಲ್ಡನ್ ಬೆಂಜ್ 1930ರ ದಶಕದಲ್ಲಿ ಷಿಕಾಗೊ ಸಿಂಫನಿ ವಾದ್ಯವೃಂದದ ಪ್ರಧಾನ ಟ್ರಂಪೆಟ್ ವಾದಕನಾದನು. ಅಷ್ಟೇ ಅಲ್ಲ, ತನ್ನ ಹೆಸರಿನಲ್ಲಿ ಟ್ರಂಪೆಟ್ಟುಗಳನ್ನು ತಯಾರಿಸಿ ಮಾರಿ ಪ್ರಸಿದ್ಧನಾದನು. ಕೆಂಡಾಲನ ಬ್ಯೂಗಲ್ಲಿಗೆ ಗಿಲ್ಮೋರನ ಕಾರ್ನೆಟ್ಟು ಮಾಡಿದ್ದನ್ನೇ ಕ್ಲಾರ್ಕನ ಕಾರ್ನೆಟ್ಟಿಗೆ ಬೆಂಜನ ಟ್ರಂಪೆಟ್ಟು ಮಾಡಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.

ಹಾಗಾದರೆ ಗುರುವಿನ ಮಾತು ಸುಳ್ಳಾಯಿತೆ? ಮಾತು ಸುಳ್ಳಾಯಿತು, ಪಾಠ ಸುಳ್ಳಾಗಲಿಲ್ಲ. ಇಂದು ಕಾರ್ನೆಟ್ಟಿಗಾಗಿ ಬರೆದ ಕ್ಲಾರ್ಕನ ಪುಸ್ತಕವನ್ನು ಎದುರಿಗಿಟ್ಟುಕೊಂಡು ಸಾಧನೆ ಮಾಡುವವರಲ್ಲಿ ಹೆಚ್ಚಿನವರು ಟ್ರಂಪೆಟ್ಟಿನವರೇ. ಲಾಂಗ್ ಬೀಚಿನಲ್ಲಿ ಅವನ ಬಳಿ ವರ್ಷಗಟ್ಟಲೆ ಕಲಿತ ಕ್ಲಾಡ್ ಗಾರ್ಡನ್ ಹೆಸರು ಮಾಡಿದ್ದು ಟ್ರಂಪೆಟ್ ವಾದಕನಾಗಿ. ಗುರುವಿನ ಉಸಿರಿನ ಶಾಸ್ತ್ರವನ್ನು ತನ್ನ ಶಿಷ್ಯರಿಗೂ ಪುಸ್ತಕಗಳಿಗೂ ಇಳಿಸಿ 1996ರಲ್ಲಿ ತೀರಿಕೊಂಡನು. ಜ್ಯಾಸ್ ನುಡಿಸುವವರೂ ಆ ಮೊದಲನೆಯ ಪಾಠವನ್ನು ನುಡಿಸದೆ ಬಿಡರು. ಸೈತಾನನ ಪಕ್ಕದಲ್ಲಿ ಕುಳಿತವರಿಗೂ ಉಸಿರು ಬೇಕಲ್ಲವೆ!

ಗುರುವಿನ ಅಭಿಪ್ರಾಯವನ್ನು ಶಿಷ್ಯ ಮೀರಬಹುದು. ಕೆಲವು ವೇಳೆ ಮೀರಲೇಬೇಕು. ಗುರುವಿನ ಸಾಧನೆಯನ್ನು ಮಾತ್ರ ಕೈಬಿಡುವಂತಿಲ್ಲ. ನಮ್ಮ ಸಂಗೀತದ ಮನೆಗಳಲ್ಲಿ ಇದು ಅನೇಕ ಸಲ ತಿರುಗುಮುರುಗಾಗಿರುವುದನ್ನು ಕಾಣುತ್ತೇವೆ. ಗುರುಗಳು ಇಂಥ ವಾದ್ಯವನ್ನು ಒಪ್ಪುತ್ತಿರಲಿಲ್ಲ, ಇಂಥ ರಾಗವನ್ನು ಸಂಜೆ ಹಾಡುತ್ತಿರಲಿಲ್ಲ ಎಂದು ಕಟ್ಟಾಗಿ ಹಿಡಿದುಕೊಂಡವರು, ಗುರುಗಳು ಬೆಳಗಿನ ಜಾವ ನಾಲ್ಕಕ್ಕೆ ಏಳುತ್ತಿದ್ದರೆಂಬುದನ್ನು ಮಾತ್ರ ಮರೆತಿರುತ್ತಾರೆ. ಮುಂದೆ ಯಾರಾದರೂ ಹಿರಿಯ ವಾದಕರಿಗೆ, ಹಿರಿಯ ಪಾಠದ ಮೇಷ್ಟರಿಗೆ ಸನ್ಮಾನ ಏರ್ಪಡಿಸುವವರಿದ್ದರೆ ಅವರಲ್ಲಿ ನಮ್ಮದೊಂದು ವಿನಂತಿ: ಭಾಷಣಗಳಲ್ಲಿ ಎರಡನ್ನು ಕಡಮೆ ಮಾಡಿ, ಆ ಹೊತ್ತಿನಲ್ಲಿ ಶಿಷ್ಯರಿಂದ ನುಡಿಸಿರಿ. ತಪ್ಪು ನುಡಿದರೂ ಚಿಂತೆಯಿಲ್ಲ. ಗುರುಗಳು ಅಲ್ಲಿಯೇ ಕುಳಿತಿರುತ್ತಾರೆ, ತಿದ್ದುತ್ತಾರೆ.

ಸೂಸಾನ ಕೊನೆಯೂ ಇಂಥದೇ ಸಮಾರಂಭದ ಹೊಸ್ತಿಲಿನಲ್ಲಿ ಬಂತು. ಪೆನ್ಸಿಲ್ವೇನಿಯದ ರೆಡಿಂಗ್ ಊರಿನ ರಿಂಗ್‌ಗೋಲ್ಡ್ ಬ್ಯಾಂಡಿಗೆ ಎಂಬತ್ತು ತುಂಬಿದ ಉತ್ಸವಕ್ಕೆ ಅತಿಥಿ ನಾಯಕನಾಗಿ ಹೋಗಿದ್ದ ಆತ, ತಾಲೀಮಿನಲ್ಲಿ ತನ್ನ 'ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್ ಫಾರೆವರ್' ನುಡಿಸಿ ಕೋಲು ಕೆಳಗಿಟ್ಟವನು, ಮತ್ತೆ ಹಿಡಿಯಲಿಲ್ಲ. 1932ರ ಮಾರ್ಚ್ 6ರಂದು ತೀರಿಕೊಂಡನು. ಅವನನ್ನು ವಾಷಿಂಗ್ಟನ್ನಿನ ಕಾಂಗ್ರೆಷನಲ್ ಸ್ಮಶಾನದಲ್ಲಿ ಮಣ್ಣು ಮಾಡಿದರು. 1945ರ ಜನವರಿಯಲ್ಲಿ ಲಾಂಗ್ ಬೀಚಿನಲ್ಲಿ ತೀರಿಕೊಂಡ ಕ್ಲಾರ್ಕ್, ಇಡೀ ದೇಶದ ಉದ್ದಗಲವನ್ನು ದಾಟಿ ಬಂದು ಮಲಗಿರುವುದೂ ಅದೇ ಸ್ಮಶಾನದಲ್ಲಿ, ಸೂಸಾನ ಸಮಾಧಿಯ ಸಮೀಪದಲ್ಲಿ.

ಪ್ರತಿ ವರ್ಷ ನವೆಂಬರ್ 6ರಂದು, ಸೂಸಾನ ಹುಟ್ಟಿದ ಹಬ್ಬದ ದಿನ, ಅವನು ಹಿಂದೆ ನಡೆಸುತ್ತಿದ್ದ ಮೆರೀನ್ ಬ್ಯಾಂಡಿನವರು ಅಲ್ಲಿಗೆ ಬಂದು ನುಡಿಸುವ ವಾಡಿಕೆಯಿದೆ. ಗೌರವ ಸೂಸಾನಿಗೆ, ಆದರೆ ಸಂಗೀತಕ್ಕೆ ಬೇಲಿಯಿಲ್ಲವಾದ್ದರಿಂದ ಅದು ಕ್ಲಾರ್ಕನ ಕಲ್ಲಿನವರೆಗೂ ಹೋಗುತ್ತದೆ. ಅವನ ಹೆಸರನ್ನು ಅಂದು ಯಾರೂ ಎತ್ತದಿರಬಹುದು. ಆದರೆ ಆ ಸಾಲಿನಲ್ಲಿ ನಿಂತು ಕಾರ್ನೆಟ್ಟನ್ನೋ ಟ್ರಂಪೆಟ್ಟನ್ನೋ ಎತ್ತಿ ಹಿಡಿದವರ ಪೈಕಿ, ಬಾಳಿನಲ್ಲಿ ಒಮ್ಮೆಯಾದರೂ ಅವನ ಮೊದಲನೆಯ ಪಾಠವನ್ನು ಮೆಲ್ಲಗೆ, ಒಂದೇ ಉಸಿರಿನಲ್ಲಿ, ಹದಿನಾರು ಸಲ ನುಡಿಸಲು ಹೆಣಗದವರು ಎಷ್ಟು ಮಂದಿಯಿದ್ದಾರು?